ಮಾವನ ಹೊಟ್ಟೆಯ ಅಳತೆ

ಆ ಭಾನುವಾರ ಟೇಪು ಓದಿದವನು ನಾನೋ, ಮಾವನೋ, ಅಥವಾ ಯಾರೂ ಓದಲೇ ಇಲ್ಲವೋ, ನನಗೆ ಖಚಿತವಿಲ್ಲ. ನಾನೇ ಓದಿದ್ದು ಎಂದು ಅತ್ತೆ ಕೊನೆಯವರೆಗೂ ಹೇಳುತ್ತಿದ್ದರು. ನನ್ನ ನೆನಪಿನಲ್ಲಿ ಮಾವ ಚಾಪೆಯ ಮೇಲೆ ಅಂಗಾತ ಮಲಗಿ, ಟೇಪನ್ನು ಹೊಟ್ಟೆಯ ಮೇಲೆ ಅಡ್ಡಕ್ಕೆ ಹಿಡಿದು, "ಎರಡು, ಬರಿ" ಎನ್ನುತ್ತಾರೆ. ನಾನು ಬರೆಯುತ್ತೇನೆ. ಆದರೆ ಅಂಥ ಭಾನುವಾರಗಳು ಐದು ವರ್ಷ ಇದ್ದವು. ನನಗೆ ನೆನಪಿರುವುದು ಅವುಗಳಲ್ಲಿ ಯಾವುದು ಎಂದು ಹೇಳಲಾರೆ.

ಅಳತೆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಎರಡು ಎಂದೇ ಇದೆ, ಅಕ್ಷರ ನನ್ನದು. ಬರೆದವನು ಯಾರು ಎಂದು ಅದರಿಂದ ತಿಳಿಯುತ್ತದೆ, ಓದಿದವನು ಯಾರು ಎಂದು ತಿಳಿಯುವುದಿಲ್ಲ. ಯಾರು ಓದಿದರೇನು, ಎರಡು ಎಂದರೆ ಎರಡೇ ಅಲ್ಲವೇ ಎಂದು ಕೇಳಬಹುದು. ಆಗ ನಾನೂ ಹಾಗೇ ಅಂದುಕೊಂಡಿದ್ದೆ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಬೋಳಾರದಲ್ಲಿ, ಮಂಗಳಾದೇವಿ ದೇವಸ್ಥಾನದಿಂದ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ಅವರ ಹೊಲಿಗೆಯ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ, ಎರಡಕ್ಕೂ ಸೇರಿ ಒಂದೇ ಬಾಗಿಲು. ಅವರಿಗೆ ಮಕ್ಕಳಿರಲಿಲ್ಲ. ಇದ್ದಿದ್ದರೂ ಅಕ್ಕತಂಗಿಯರ ಮಕ್ಕಳೇ ವಾರಸುದಾರರಾಗುವ ನಮ್ಮ ಕಡೆಯ ಅಳಿಯಸಂತಾನದ ಲೆಕ್ಕದಲ್ಲಿ ನಾನೇ ಹತ್ತಿರದವನು. ಹಾಗಾಗಿ ಕಾಲೇಜು ಓದುವಾಗಲೂ ಆಮೇಲೂ ಆ ಮನೆಯಲ್ಲೇ ಇದ್ದೆ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಎರಡು ಕಡೆ ಕೆಲಸಕ್ಕೆ ಸೇರಿ ಎರಡನ್ನೂ ಬಿಟ್ಟು, ಮಾವನಿಗೆ ಕಾಯಿಲೆ ಬರುವ ಹೊತ್ತಿಗೆ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಅದನ್ನೂ ಬಿಡುವ ಯೋಚನೆ ಇತ್ತು. ನಾವು ಮನೆಯಲ್ಲಿ ಆಡುತ್ತಿದ್ದದ್ದು ತುಳು. ಕನ್ನಡದಲ್ಲಿ ಬರೆಯುವಾಗ ಮಾವನ ಮಾತು ಸ್ವಲ್ಪ ಸಭ್ಯವಾಗುತ್ತದೆ, ಅದಕ್ಕೆ ಏನೂ ಮಾಡುವಂತಿಲ್ಲ.

ಅಂಗಡಿಯ ಜಗಲಿಯಲ್ಲಿ ಹಲಸಿನ ಮರದ ಒಂದು ಕಪಾಟು ನಿಂತಿತ್ತು. ಬಟ್ಟೆ ಇಡಲಿಕ್ಕೆಂದು ಮಾವ ಬಾಗಿಲಿನ ಅಳತೆ ಕೊಟ್ಟು ಆಚಾರಿಯಿಂದ ಮಾಡಿಸಿದ್ದು. ಬಾಗಿಲಿನಲ್ಲಿ ಕೂದಲೆಳೆ ಜಾಗ ಬಿಟ್ಟು ಒಳಗೆ ಹೋಗುವ ಹಾಗೆ ಮಾಡಿದ್ದೇನೆ ಎಂದು ಆಚಾರಿ ಹೇಳಿದ್ದ. ನಾಲ್ಕು ಜನ ಎತ್ತಿ ತಂದರು, ಬಾಗಿಲಿನಲ್ಲಿ ಸಿಕ್ಕಿಕೊಂಡಿತು. ಹೊರಗೆ ಎಳೆದು ಜಗಲಿಯಲ್ಲಿಟ್ಟರು. ಅಲ್ಲಿಂದ ಅದು ಅಲುಗಲಿಲ್ಲ. ಒಳಗೆ ಹಳೆಯ ಪೇಪರು, ಮೇಲೆ ಬೆಕ್ಕು.

"ಅಳತೆ ತಪ್ಪಿರಬಹುದಾ ಮಾವ?" ಎಂದು ಒಮ್ಮೆ ಕೇಳಿದ್ದೆ.

"ನನ್ನ ಟೇಪು ತಪ್ಪುವುದಿಲ್ಲ. ಮರ ಉಬ್ಬಿದ್ದು."

"ತಂದದ್ದು ಬೇಸಗೆಯಲ್ಲಿ."

"ಮಂಗಳೂರಿನ ಮರಕ್ಕೆ ಬೇಸಗೆ ಎಂತ ಗೊತ್ತುಂಟು ಮಾರಾಯ?"

ಆಚಾರಿ ಆಮೇಲೆ ಆ ದಾರಿಯಲ್ಲಿ ಬರುವುದನ್ನು ಬಿಟ್ಟ. ಎದುರು ಸಿಕ್ಕಿದರೆ ಅತ್ತೆ ಅವನನ್ನು ಮಾತನಾಡಿಸುತ್ತಿರಲಿಲ್ಲ.

ಕಾಯಿಲೆ ಗೊತ್ತಾದದ್ದೂ ಟೇಪಿನಿಂದಲೇ. ಅರವತ್ತರ ದಶಕದ ಆರಂಭದ ವರ್ಷಗಳು. ಮಧ್ಯಾಹ್ನ ಉಂಡ ಮೇಲೆ ಮಾವ ಅರ್ಧ ಗಂಟೆ ಮಲಗುತ್ತಿದ್ದರು. ಕೊರಳಿನಲ್ಲಿದ್ದ ಟೇಪು ತೆಗೆಯುತ್ತಿರಲಿಲ್ಲ. ಅದರ ತುದಿಯ ಹಿತ್ತಾಳೆ ತಗಡು ಹೊಟ್ಟೆಯ ಮೇಲೆ ಬಿದ್ದು ಒಂದೇ ಸಮನೆ ಕುಣಿಯುತ್ತಿರುವುದನ್ನು ಅತ್ತೆ ನೋಡಿದರು.

"ನೋಡಿ, ನಿಮ್ಮ ಹೊಟ್ಟೆಯಲ್ಲಿ ಎಂತದೋ ಹಾರ್ತಾ ಉಂಟು."

"ಬಂಗುಡೆ" ಎಂದು ಮಾವ ಮಗ್ಗುಲು ಬದಲಿಸಿದರು. ಅಂದು ಬಂಗುಡೆ ಮೀನಿನ ಸಾರಾಗಿತ್ತು.

ಮರುದಿನ ಸಾರು ಕುಂಬಳಕಾಯಿಯದು, ತಗಡು ಹಾಗೇ ಕುಣಿಯಿತು. ಕಂಕನಾಡಿಯ ಡಾಕ್ಟರರು ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ನೋಡಿದರು. ಹೃದಯದಿಂದ ಕೆಳಗೆ ಬರುವ ದೊಡ್ಡ ರಕ್ತನಾಳ, ಮಹಾಧಮನಿ, ಹೊಟ್ಟೆಯೊಳಗೆ ಒಂದು ಕಡೆ ಸೈಕಲ್ ಟ್ಯೂಬಿನ ಹಾಗೆ ಉಬ್ಬಿದೆ, ಬಿಟ್ಟರೆ ಒಂದು ದಿನ ಒಡೆಯುತ್ತದೆ, ಒಡೆದರೆ ಆಸ್ಪತ್ರೆಗೆ ತರುವಷ್ಟು ಸಮಯ ಸಿಗುವುದು ಕಷ್ಟ ಎಂದರು.

"ಟ್ಯೂಬಿಗಾದರೆ ಪ್ಯಾಚು ಹಾಕ್ತಾರೆ" ಎಂದರು ಮಾವ.

"ಪ್ಯಾಚಲ್ಲ. ಉಬ್ಬಿದ ತುಂಡನ್ನೇ ತೆಗೆದು ಆ ಜಾಗಕ್ಕೆ ಬಟ್ಟೆಯ ಕೊಳವೆ ಹೊಲಿಯುತ್ತಾರೆ. ಮದ್ರಾಸಿಗೆ ಹೋಗಬೇಕು."

ಅಲ್ಲಿಯವರೆಗೆ ಬಾಗಿಲ ಕಡೆ ನೋಡುತ್ತಿದ್ದ ಮಾವ ಈಗ ಡಾಕ್ಟರರ ಕಡೆ ತಿರುಗಿದರು. "ಯಾವ ಬಟ್ಟೆ?"

ಡಾಕ್ಟರರಿಗೆ ಗೊತ್ತಿರಲಿಲ್ಲ. ಬರುವ ದಾರಿಯುದ್ದಕ್ಕೂ ಮಾವ ಅದನ್ನೇ ಹೇಳಿದರು. "ಬಟ್ಟೆ ಯಾವುದು ಅಂತ ಗೊತ್ತಿಲ್ಲದೆ ಹೊಲಿಗೆಯ ಮಾತಾಡ್ತಾರಲ್ಲ, ಎಂತ ಹೇಳುವುದು ಇವರಿಗೆ?"

ಮದ್ರಾಸಿಗೆ ನಾವು ಮೂವರೂ ಹೋದೆವು. ಅಲ್ಲಿನ ಸರ್ಜನ್ ಆಪರೇಷನ್ನಿನ ಮೊದಲು ಆ ಕೊಳವೆಯನ್ನು ಮಾವನಿಗೆ ತೋರಿಸಿದರು ಎಂದು ನನ್ನ ನೆನಪು. ಬಿಳಿ ಬಟ್ಟೆ, ಗೇಣುದ್ದ, ಕೆಳಗೆ ಪ್ಯಾಂಟಿನ ಹಾಗೆ ಎರಡು ಕಾಲು. ತೋರಿಸಿದ್ದು ಆಪರೇಷನ್ ಆಗಿ ಹತ್ತು ದಿನದ ಮೇಲೆ, ಅದೂ ಬೇರೆ ಒಂದು ಕೊಳವೆ, ಎಂದು ಅತ್ತೆ ಹೇಳುತ್ತಿದ್ದರು. ಇರಬಹುದು. ಮಾವ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ "ಟೆರಿಲಿನ್" ಎಂದದ್ದರಲ್ಲಿ ನಮಗಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಸರ್ಜನ್ ಇಂಗ್ಲಿಷಿನಲ್ಲಿ ಹೌದೆಂದರು. ಮಾವ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಪರವಾಗಿಲ್ಲ ಅಂತ ಹೇಳು" ಎಂದರು ನನಗೆ. "ಒಳಗೆ ಯಾರು ನೋಡ್ತಾರೆ?"

ನಾನು ಮೊದಲ ವಾಕ್ಯವನ್ನು ಮಾತ್ರ ಅನುವಾದಿಸಿದೆ.

ಆಪರೇಷನ್ ಚೆನ್ನಾಗಿ ಆಯಿತು. ಹೊರಡುವ ದಿನ ಸರ್ಜನ್ ನನ್ನನ್ನು ಕೂರಿಸಿ ವಿವರವಾಗಿ ಹೇಳಿದರು. ಬಟ್ಟೆಯ ಬಗ್ಗೆ ನಿಮಗೆ ಚಿಂತೆ ಬೇಡ, ಅದು ರೋಗಿಗಿಂತ ಹೆಚ್ಚು ಬಾಳುತ್ತದೆ. ಆದರೆ ನಾವು ತೆಗೆದದ್ದು ಉಬ್ಬಿದ ತುಂಡನ್ನು ಮಾತ್ರ. ಮೇಲೆ ಉಳಿದ ನಾಳವೂ ಅದೇ ಮನುಷ್ಯನದು, ಅದೇ ವಯಸ್ಸಿನದು. ವರ್ಷಗಳು ಕಳೆದಂತೆ ಹೊಲಿಗೆಯ ಮೇಲಿನ ಭಾಗ ನಿಧಾನವಾಗಿ ಅಗಲವಾಗಬಹುದು. ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿಲ್ಲವಾದ್ದರಿಂದ ಎಕ್ಸ್‌ರೇಯಲ್ಲಿ ಕಾಣಿಸುವುದಿಲ್ಲ, ಕೈಯಿಂದಲೇ ಮುಟ್ಟಿ ನೋಡಬೇಕು. ನಾಡಿ ಹಾರುವ ಜಾಗದ ಎರಡು ಅಂಚು ಗುರುತಿಸಿ ನಡುವಿನ ಅಗಲ ಅಳೆಯಬೇಕು. ಹಾಗೇ ಇದ್ದರೆ ವರ್ಷಕ್ಕೊಮ್ಮೆ ನನಗೊಂದು ಪತ್ರ ಬರೆದರೆ ಸಾಕು. ಅರ್ಧ ಇಂಚು ಹೆಚ್ಚಿದರೆ ಪತ್ರ ಬರೆಯುತ್ತ ಕೂರಬೇಡಿ, ಮೊದಲ ರೈಲು ಹತ್ತಿ ಬನ್ನಿ. ಒಡೆಯುವ ಮೊದಲು ಬಂದರೆ ಇನ್ನೊಮ್ಮೆ ಹೊಲಿಯಬಹುದು.

ರೈಲಿನಲ್ಲಿ ಇದನ್ನು ಮಾವನಿಗೆ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ.

"ಹಳೇ ಅಂಗಿಗೆ ಹೊಸ ಬಟ್ಟೆಯ ತೇಪೆ ಹಾಕಿದರೆ ತೇಪೆ ಹರಿಯುವುದಿಲ್ಲ. ಅದರ ಪಕ್ಕದ ಹಳೇ ಬಟ್ಟೆ ಹರಿಯುವುದು. ಇದನ್ನು ಹೇಳ್ಲಿಕ್ಕೆ ಅಷ್ಟು ಓದಬೇಕಾ?"

ಕಂಕನಾಡಿಯ ಡಾಕ್ಟರರು ಕೈಯಿಡುವ ಕ್ರಮವನ್ನು ಮಾವನಿಗೇ ಕಲಿಸಿದರು. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಗಂಜಿ ಕುಡಿಯುವ ಮೊದಲು, ಮಾವ ಕತ್ತರಿಸುವ ಮೇಜಿನ ಪಕ್ಕದಲ್ಲಿ ಚಾಪೆ ಹಾಕಿ ಮಲಗುತ್ತಿದ್ದರು. ಎರಡು ಅಂಗೈಗಳ ಅಂಚನ್ನು ಹೊಕ್ಕುಳಿನ ಮೇಲ್ಭಾಗದಲ್ಲಿ ಒತ್ತಿ, ನಾಡಿ ಎಲ್ಲಿ ನಿಲ್ಲುತ್ತದೆ ಎಂದು ಹುಡುಕಿ "ಹೂಂ" ಎನ್ನುತ್ತಿದ್ದರು. ಅತ್ತೆ ಬಟ್ಟೆಗೆ ಗೆರೆ ಹಾಕುವ ನೀಲಿ ಸುಣ್ಣದ ಬಿಲ್ಲೆಯಿಂದ ಎರಡು ಗೆರೆ ಎಳೆಯುತ್ತಿದ್ದರು. ಮಾವ ಟೇಪು ಹಿಡಿದು ತಲೆಯೆತ್ತಿ ನೋಡಿ ಕೂಗುತ್ತಿದ್ದರು. ನಾನು ಬರೆಯುತ್ತಿದ್ದೆ. ಅವರ ಅಂಗಡಿಯ ಕ್ರಮವೇ ಹಾಗೆ, ಅಳೆಯುವವನು ಕೂಗಬೇಕು, ಬರೆಯುವವನು ಕೂಗಿದ್ದನ್ನು ಬರೆಯಬೇಕು. "ಬರೆಯುವವ ತಲೆ ಓಡಿಸಬಾರದು. ತಲೆ ಓಡಿಸಿದರೆ ಅಂಗಿ ಹಾಳು" ಎನ್ನುವುದು ಅವರ ನಿಯಮ. ಹೊಟ್ಟೆಗೆ ಬೇರೆ ಪುಸ್ತಕವಿರಲಿಲ್ಲ. ಗಿರಾಕಿಗಳ ಕಾಲರು, ತೋಳು, ಸೊಂಟದ ಅಳತೆಗಳ ನಡುವೆಯೇ "ಮಾವ, ಎರಡು" ಎಂದು ಬರೆದಿಡುತ್ತಿದ್ದೆ.

ತಿಂಗಳು ತಿಂಗಳೂ ಎರಡು ಇಂಚು. ವರ್ಷಕ್ಕೊಮ್ಮೆ ನಾನು ಮದ್ರಾಸಿಗೆ ಬರೆಯುತ್ತಿದ್ದೆ: ಬದಲಾವಣೆ ಇಲ್ಲ.

ಆ ವರ್ಷಗಳಲ್ಲೇ ಟೆರಿಲಿನ್ ಅಂಗಿಯ ಹುಚ್ಚು ಊರಿಗೆ ಬಂತು. ಗಲ್ಫಿನಿಂದ ಬರುವವರು ಪೆಟ್ಟಿಗೆಯಲ್ಲಿ ಬಟ್ಟೆ ತರುತ್ತಿದ್ದರು, ಅದನ್ನು ಹಿಡಿದುಕೊಂಡು ಅಂಗಡಿಗೆ ಬಂದು "ಇದು ಬಾಳಿಕೆ ಬರ್ತದಾ ಮಾರಾಯ್ರೆ?" ಎಂದು ಕೇಳುತ್ತಿದ್ದರು.

"ನನ್ನ ಹೊಟ್ಟೆಯ ಒಳಗೆ ನಾಲ್ಕು ವರ್ಷದಿಂದ ಉಂಟು" ಎನ್ನುತ್ತಿದ್ದರು ಮಾವ. "ಇಷ್ಟರವರೆಗೆ ಇಸ್ತ್ರಿ ಹಾಕಿಲ್ಲ."

ಕೆಲವರು ನಗುತ್ತಿದ್ದರು. ಕೆಲವರು ಬಟ್ಟೆಯನ್ನು ವಾಪಸು ಮಡಚುತ್ತಿದ್ದರು.

ನಾನು ಕಾಲೇಜಿನಲ್ಲಿ ಹುಡುಗರಿಗೆ ವರ್ನಿಯರ್ ಕ್ಯಾಲಿಪರ್ಸ್ ಕಲಿಸುತ್ತಿದ್ದೆ. ಅಳೆಯುವ ಮೊದಲು ಉಪಕರಣದ ಶೂನ್ಯ ದೋಷ ನೋಡಿಕೊಳ್ಳಬೇಕು. ಅಂದರೆ, ಏನೂ ಹಿಡಿಯದೆ ಇರುವಾಗಲೇ ಅದು ಎಷ್ಟು ತೋರಿಸುತ್ತದೆ ಎಂದು ನೋಡಿ, ಆಮೇಲೆ ಅದನ್ನು ಕಳೆಯಬೇಕು. ನೋಡದವರ ರೆಕಾರ್ಡ್ ಪುಸ್ತಕಕ್ಕೆ ನಾನು ಸಹಿ ಹಾಕುತ್ತಿರಲಿಲ್ಲ. ಮಾವನ ಹೊಟ್ಟೆಯ ಬಗ್ಗೆ ಬರೆಯುವಾಗ ಆ ಪ್ರಶ್ನೆ ನನಗೆ ಒಮ್ಮೆಯೂ ಬರಲಿಲ್ಲ.

ಐದನೆಯ ವರ್ಷ ಮಾವನ ಎರಡೂ ಕಣ್ಣಿಗೆ ಪೊರೆ ಬಂತು. ಸೂಜಿಗೆ ನೂಲು ಅತ್ತೆ ಪೋಣಿಸಿ ಕೊಡುತ್ತಿದ್ದರು. ಭಾನುವಾರದ ಅಳತೆ ಮಾತ್ರ ಅವರೇ ಕೂಗುತ್ತಿದ್ದರು. ಒಂದು ದಿನ ನಾನು ಬಗ್ಗಿ ನೋಡಿದೆ. ಅವರು ಅರವತ್ತು ಇಂಚಿನ ಆ ಟೇಪಿನ ತುದಿ ಅದಲು ಬದಲಾಗಿ ಹಿಡಿದಿದ್ದರು. ಗೆರೆಯ ಮೇಲೆ ಬಂದದ್ದು ಐವತ್ತೆಂಟು.

"ಎರಡು, ಬರಿ" ಎಂದರು ಮಾವ.

"ಮಾವ, ಟೇಪು ತಿರುವು ಉಂಟು."

"ತಿರುವಾದರೂ ಹೊಟ್ಟೆ ಅದೇ ಅಲ್ಲವಾ?"

ಕಾಣದಾದ ಮೇಲೆ ಎಷ್ಟು ತಿಂಗಳು ಅವರು ನೆನಪಿನಿಂದಲೇ ಎರಡು ಎಂದರೋ ಗೊತ್ತಿಲ್ಲ. ಅವರ ಕೈಯಿಂದ ಟೇಪು ತೆಗೆದುಕೊಂಡು ನಾನು ಅಳೆದೆ ಎಂದು ಅತ್ತೆ ಹೇಳುತ್ತಿದ್ದರು. ಅಳೆದಿರಬೇಕು. ನನಗೆ ನೆನಪಿರುವುದು ಒಂದು ನೆಮ್ಮದಿ ಮಾತ್ರ. ನೋಡಿದೆ, ಎರಡೇ ಇತ್ತು, ಮಾವ ಹೇಳಿದ್ದೇ ಸರಿಯಾಗಿತ್ತು ಎಂಬ ನೆಮ್ಮದಿ. ಆ ನೆಮ್ಮದಿ ಟೇಪು ನೋಡಿ ಬಂದದ್ದೋ, ನೋಡದೆ ಬಂದದ್ದೋ ಎಂದು ಕೇಳಿದರೆ ಇಂದಿಗೂ ಉತ್ತರವಿಲ್ಲ.

ಅದೇ ವಾರ ಕಂಕನಾಡಿಗೆ ಹೋದೆವು. ಹಳೆಯ ಡಾಕ್ಟರರು ಊರು ಬಿಟ್ಟಿದ್ದರು. ಹೊಸಬರು ಮುಟ್ಟಿ ನೋಡಿ, "ಸ್ವಲ್ಪ ಅಗಲ ಉಂಟು ಅಂತ ಕಾಣ್ತದೆ. ಆದರೆ ಮೊದಲು ಎಷ್ಟಿತ್ತು ಅಂತ ನನಗೆ ಗೊತ್ತಿಲ್ಲ. ನಿಮ್ಮಲ್ಲಿ ಲೆಕ್ಕ ಉಂಟಾ?" ಎಂದರು.

ನಾನು ಪುಸ್ತಕ ತೆರೆದು ತೋರಿಸಿದೆ. ಐದು ವರ್ಷದ ಎರಡುಗಳು. ಅವರು ಹಾಳೆ ತಿರುವಿ ತಿರುವಿ ನೋಡಿದರು. ಇಷ್ಟು ಕ್ರಮವಾಗಿ ಬರೆದಿಟ್ಟ ರೋಗಿಯ ಕಡೆಯವರನ್ನು ತಾನು ನೋಡಿಲ್ಲ ಎಂದರು. ನನಗೆ ಖುಷಿಯಾಯಿತು.

"ಹಾಗಾದರೆ ಮದ್ರಾಸಿಗೆ ಹೋಗುವ ಅಗತ್ಯ ಇಲ್ಲ ಅಲ್ಲವಾ ಡಾಕ್ಟ್ರೆ?" ಎಂದು ಅತ್ತೆ ಕೇಳಿದರು. ಅವರು ಚೀಲ ಕಟ್ಟಿಟ್ಟಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು.

"ಪುಸ್ತಕದ ಪ್ರಕಾರ ಇಲ್ಲ."

ಸಂಜೆ ಮದ್ರಾಸಿಗೆ ಬರೆದೆ: ಬದಲಾವಣೆ ಇಲ್ಲ.

ಎರಡು ತಿಂಗಳು ಕಳೆದ ಮೇಲೆ, ಒಂದು ಬುಧವಾರ ಬೆಳಿಗ್ಗೆ, ಮಾವ ಬೆನ್ನು ನೋವು ಎಂದರು. ಹೆಂಚಿನ ಕಾರ್ಖಾನೆಯ ಎಂಟು ಗಂಟೆಯ ಸೈರನ್ ಆಗಿತ್ತು. ಮೇಜಿನ ಮೇಲೆ ಒಂದು ಅಂಗಿಯ ಬೆನ್ನು ಕತ್ತರಿಸಿ ಮುಗಿದಿತ್ತು, ಮುಂಭಾಗ ಆಗಬೇಕಿತ್ತು. ಕತ್ತರಿ ಕೆಳಗಿಟ್ಟು ಅದೇ ಬಟ್ಟೆಯ ಮೇಲೆ ಬಾಗಿದರು. ಟ್ಯಾಕ್ಸಿ ಕಂಕನಾಡಿ ಮುಟ್ಟುವಾಗ ಜೀವವಿತ್ತು. ಒಳಗೆ ಕರೆದುಕೊಂಡು ಹೋಗುವಾಗ ಇರಲಿಲ್ಲ. ಒಡೆದದ್ದು ಬಟ್ಟೆಯಲ್ಲ, ಬಟ್ಟೆಯ ಮೇಲಿನ ನಾಳ ಇರಬೇಕು ಎಂದು ಹೊಸ ಡಾಕ್ಟರರು ಹೇಳಿದರು. ಕೊಯ್ದು ನೋಡಲಿಲ್ಲ, ಆದ್ದರಿಂದ ಅದು ಊಹೆ.

ಮದ್ರಾಸಿಗೆ ತಿಳಿಸಿದೆ. ಸರ್ಜನ್ ಚಿಕ್ಕ ಉತ್ತರ ಬರೆದರು. ವಿಷಾದ, ಆಮೇಲೆ ಒಂದು ಪ್ರಶ್ನೆ: ಅಳತೆಯಲ್ಲಿ ಏನೂ ಬದಲಾವಣೆ ಇರಲಿಲ್ಲವೆಂದು ಬರೆದಿದ್ದೀರಿ, ಅಳೆಯುತ್ತಿದ್ದವರು ಉದ್ದಕ್ಕೂ ಒಬ್ಬರೇನಾ? ನಾನು ಇದಕ್ಕೆ ಉತ್ತರ ಬರೆಯಲಿಲ್ಲ. ಇದೇಕೆ ಕೇಳುತ್ತಾರೆ ಎಂದು ನನಗೆ ಅರ್ಥವಾಗಿರಲಿಲ್ಲ.

ಅಂಗಡಿಯಲ್ಲಿ ಹೊಲಿಯದೆ ಉಳಿದ ಬಟ್ಟೆಗಳಿದ್ದವು. ಕಂಕನಾಡಿಯಲ್ಲಿ ಮಾವನ ಪರಿಚಯದ ಒಬ್ಬರು ಬ್ಯಾರಿ ಟೈಲರ್ ಇದ್ದರು. ಗಿರಾಕಿಗಳು ಕಾಯುವುದು ಬೇಡವೆಂದು ಅತ್ತೆ ಬಟ್ಟೆಗಳನ್ನೂ ಅಳತೆ ಪುಸ್ತಕವನ್ನೂ ಅವರಿಗೆ ಕೊಟ್ಟು ಕಳಿಸಿದರು. ಮೂರು ವಾರದ ಮೇಲೆ ಆ ಟೈಲರ್ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಜಗಲಿಯಲ್ಲಿ ಕೂತು ಮೊದಲು ಮಾವನ ಬಗ್ಗೆ ಒಳ್ಳೆಯ ಮಾತು ಆಡಿದರು. ಆಮೇಲೆ ಪುಸ್ತಕ ತೆರೆದರು.

"ಸತ್ತವರ ಬಗ್ಗೆ ಹೇಳಬಾರದು. ಆದರೆ ಎಂತ ಮಾಡುವುದು, ಹತ್ತು ಅಂಗಿ ವಾಪಸು ಬಂತು ಮಾರಾಯ್ರೆ. ಎಲ್ಲ ಲೂಸು. ಒಬ್ಬ ಗಿರಾಕಿ, ಈ ಕಾಲರಿನಲ್ಲಿ ನಾನೂ ನನ್ನ ತಮ್ಮನೂ ಒಟ್ಟಿಗೆ ಹೋಗಬಹುದು ಅಂತ ಹೇಳಿದ."

"ಅಳತೆ ಅದರಲ್ಲಿ ಸರಿಯಾಗಿ ಉಂಟಲ್ಲ?" ಎಂದೆ.

"ಸರಿಯಾಗಿ ಇಲ್ಲದ್ದೇ ತೊಂದರೆ. ನಾವೆಲ್ಲ ಮೈಯ ಅಳತೆ ಬರೆದುಕೊಂಡು ಕತ್ತರಿಸುವಾಗ ಲೂಸ್ ಬಿಡುವುದು. ನಿಮ್ಮ ಮಾವ ಕೂಗುವಾಗಲೇ ಸೇರಿಸಿದ್ದಾರೆ. ಎಲ್ಲದಕ್ಕೂ ಅರ್ಧ ಇಂಚು. ಕಾಲರಿಗೆ ಅರ್ಧ, ಕೈಪಟ್ಟಿಗೆ ಅರ್ಧ. ಅದರ ಮೇಲೆ ನಾನು ನನ್ನದನ್ನೂ ಬಿಟ್ಟೆ. ನನಗೇನು ಕನಸು ಬಿದ್ದಿತ್ತಾ? ಅವರ ಬಾಯಿಗೇ ಹಾಗೆ ಅಭ್ಯಾಸ ಆಗಿರಬೇಕು."

ಅವರಿಗೆ ಅತ್ತೆ ಚಹಾ ಕೊಟ್ಟರು. ನಾನು ಪುಸ್ತಕ ಹಿಡಿದುಕೊಂಡು ಒಳಗೆ ಹೋದೆ.

ಕಣ್ಣು ಓದಿದ್ದಕ್ಕೆ ಬಾಯಿ ಅರ್ಧ ಇಂಚು ಸೇರಿಸುತ್ತಿದ್ದರೆ, ಮಾವ ಕೂಗಿದ ಎರಡು ಎಂದರೆ ಒಂದೂವರೆ. ನಾನು ಓದಿದ್ದರೆ ನನ್ನ ಎರಡು ಎಂದರೆ ಎರಡು. ಪುಸ್ತಕದಲ್ಲಿ ಒಂದೇ ಅಂಕಿ, ನಡುವೆ ಅರ್ಧ ಇಂಚು, ಅಂದರೆ ಮದ್ರಾಸಿನ ಮೊದಲ ರೈಲು. ಇನ್ನೊಂದು ಸಾಧ್ಯತೆಯೂ ಇತ್ತು. ಮಾವ ಗಿರಾಕಿಗಳಿಗೆ ಮಾತ್ರ ಸೇರಿಸುತ್ತಿದ್ದಿರಬಹುದು. ತನ್ನ ಹೊಟ್ಟೆಗೆ ಅಂಗಿ ಹೊಲಿಯಲಿಕ್ಕಿಲ್ಲ, ಅದಕ್ಕೆ ಸಡಿಲ ಬಿಡುವ ಅಗತ್ಯವೇನು? ಹಾಗಿದ್ದರೆ ಮೊದಲಿನಿಂದ ಎರಡೇ, ಕೊನೆಗೂ ಎರಡೇ, ನಾನು ಬರೆದ ಪತ್ರ ಸರಿ. ನನಗೆ ಈ ಸಾಧ್ಯತೆ ಬಹಳ ಇಷ್ಟವಾಯಿತು. ಇಷ್ಟವಾದ್ದರಿಂದಲೇ ಅನುಮಾನವೂ ಬಂತು.

ಅನುಮಾನ ತೀರಿಸಲು ಬಟ್ಟೆ ಹೊಲಿಯಲಿಕ್ಕಲ್ಲದೆ ಮಾವ ಅಳೆದ, ಬೆಳೆಯದ, ಸಾಯದ ಒಂದು ವಸ್ತು ಬೇಕಿತ್ತು. ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದೆ. ಒಂದು ಕಡೆ, ಯಾರದೋ ಪಾಯಜಾಮದ ಕೆಳಗೆ, ಬರೆದಿತ್ತು: "ಬಾಗಿಲು, ಮೂವತ್ತೂವರೆ." ಅಕ್ಷರ ನನ್ನದೇ. ಮಾವ ಕೂಗಿ ನಾನು ಬರೆದು, ಆಚಾರಿಗೆ ಕೊಟ್ಟ ಅಳತೆ.

ಟೈಲರ್ ಹೋದ ಮೇಲೆ ಮಾವನ ಟೇಪನ್ನು ಗೂಟದಿಂದ ತೆಗೆದೆ. ಅದನ್ನು ಮರುದಿನ ಕಾಲೇಜಿಗೆ ಒಯ್ದು ಉಕ್ಕಿನ ಸ್ಕೇಲಿನ ಪಕ್ಕದಲ್ಲಿಟ್ಟು ನೋಡಿದೆ. ಟೇಪು ಹಿಗ್ಗಿರಲಿಲ್ಲ, ಕುಗ್ಗಿರಲಿಲ್ಲ. ಮಾವ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ, ಅವರ ಟೇಪು ತಪ್ಪುವುದಿಲ್ಲ. ಸಂಜೆ ಮನೆಗೆ ಬಂದು ಒಂದು ತುದಿಯನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಯಾಕೆಂದು ಕೇಳದೆ ಬಾಗಿಲಿನ ಎಡ ದಾರಂದಕ್ಕೆ ಒತ್ತಿ ಹಿಡಿದರು. ನಾನು ಬಲಕ್ಕೆ ಹಿಡಿದು ಓದಿದೆ. ಮೇಲೆ ಒಮ್ಮೆ, ನಡುವೆ ಒಮ್ಮೆ, ಕೆಳಗೆ ಒಮ್ಮೆ.

"ಎಷ್ಟು ಉಂಟು?" ಎಂದರು ಅತ್ತೆ.

ಹೇಳಿದೆ. ಅವರು ಜಗಲಿಯ ಕಪಾಟಿನ ಕಡೆ ತಿರುಗಿದರು.

"ಪಾಪ, ಆ ಆಚಾರಿ" ಎಂದರು.

ಬಾಗಿಲು ಮೂರು ಕಡೆಯೂ ಮೂವತ್ತೇ ಇಂಚು.